ನೆಲ ನಿಜವಾಗಿಯೂ ಡೊಂಕಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕೇಳದ ಕನ್ನಡಿಗರಿಲ್ಲ. ಲೆಕ್ಕ ತಪ್ಪಿದ ಹುಡುಗ ಪೆನ್ನಿನ ಮೇಲೆ ತಪ್ಪು ಹೊರಿಸಿದಾಗ ಮಾಸ್ತರರ ಬಾಯಿಂದ ಮೊದಲು ಬರುವ ಮಾತು ಇದೇ. ಆದರೆ ಒಂದು ಗಳಿಗೆ ಯೋಚಿಸಿ. ನೆಲ ನಿಜವಾಗಿಯೂ ಡೊಂಕಿದ್ದರೆ? ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡ ಹುಡುಗಿಗೆ, ಗಾಲಿಕುರ್ಚಿಯಲ್ಲಿ ಕುಳಿತ ಹುಡುಗನಿಗೆ, ಮೊಣಕಾಲು ಹಿಡಿದುಕೊಂಡ ಅಜ್ಜಿಗೆ ನಮ್ಮ ಮೈದಾನ, ನಮ್ಮ ವೇದಿಕೆ, ನಮ್ಮ ಗುಡಿಯ ಅಂಗಳ ಎಲ್ಲವೂ ಡೊಂಕೇ. ಅವರು ಹಾಗೆಂದರೆ ಅದು ನೆಪವಲ್ಲ, ಸತ್ಯ.

ಈ ಪ್ರಶ್ನೆಯನ್ನು ಇಟ್ಟುಕೊಂಡು ಚಳಿಗಾಲದ ಕೆಲವು ಭಾನುವಾರ ನಮ್ಮ ಬಾಗಲಕೋಟ ಜಿಲ್ಲೆಯ ನಾಲ್ಕು ಕಡೆ ಸುತ್ತಿದೆ. ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ. ಕಬ್ಬಿನ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಹೋಗುವ ಬಸ್ಸಿನಲ್ಲಿ ಇವು ಒಂದಕ್ಕೊಂದು ದೂರವೇನಲ್ಲ. ಕೃಷ್ಣೆ, ಘಟಪ್ರಭೆಯರ ನೀರುಂಡ ಈ ಸೀಮೆಯಲ್ಲಿ ಕುಣಿತಕ್ಕೆ ಬರವಿಲ್ಲ. ಜಾತ್ರೆಗೆ ಕರಡಿ ಮಜಲು, ಮೊಹರಂಗೆ ಹೆಜ್ಜೆ ಮೇಳ, ಹೋಳಿಗೆ ಹಲಗೆ, ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳ ಕೋಲಾಟ. ಇಷ್ಟೆಲ್ಲ ಇರುವ ನಾಡಿನಲ್ಲಿ ಕಾಲಿಗೆ ಬಲವಿಲ್ಲದವರು ಎಲ್ಲಿರುತ್ತಾರೆ ಎಂಬುದನ್ನು ನೋಡುವುದು ನನ್ನ ಉದ್ದೇಶವಾಗಿತ್ತು.

ಜಮಖಂಡಿ: ಲೇಜಿಮ್ಮಿನ ಸದ್ದು

ಜಮಖಂಡಿ ಪಟವರ್ಧನ ಅರಸರ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿ, 1956ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಆ ಕಾಲದ ಗುರುತಾಗಿ ರಾಮತೀರ್ಥದ ಅರಮನೆ ಇದೆ. ನಮ್ಮ ಶಾಲೆಗಳಲ್ಲಿ ಉಳಿದ ಗುರುತುಗಳು ಎರಡು. ವಾರ್ಷಿಕ ಸ್ನೇಹ ಸಮ್ಮೇಳನವನ್ನು ನಾವು ಇಂದಿಗೂ ‘ಗ್ಯಾದರಿಂಗ್’ ಎಂದೇ ಕರೆಯುತ್ತೇವೆ. ಆ ಗ್ಯಾದರಿಂಗಿನಲ್ಲಿ, ರಾಷ್ಟ್ರೀಯ ಹಬ್ಬಗಳಲ್ಲಿ ಲೇಜಿಮ್ ಆಡುತ್ತೇವೆ.

ಲೇಜಿಮ್ ಎಂದರೆ ಸುಮಾರು ಮೊಳದುದ್ದದ ಮರದ ಕೋಲು, ಅದರ ಎರಡು ತುದಿಗೆ ಬಿಗಿದ ಕಬ್ಬಿಣದ ಸರಪಳಿ, ಸರಪಳಿಗೆ ಪೋಣಿಸಿದ ಲೋಹದ ಬಿಲ್ಲೆಗಳು. ಮೊದಲು ಇದು ಗರಡಿಮನೆಯ ವ್ಯಾಯಾಮದ ಸಾಧನ. ತೋಳಿಗೆ ಬಲ ಬರಲೆಂದು ಪೈಲವಾನರು ಬಳಸುತ್ತಿದ್ದರು. 1982ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದಾಗ ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯ 400 ಮಂದಿ ಅಲ್ಲಿ ಲೇಜಿಮ್ ಪ್ರದರ್ಶಿಸಿದ್ದರು. ಆ ಸದ್ದು ನಮ್ಮ ಸೀಮೆಯ ಸದ್ದೂ ಹೌದು.

ಗ್ಯಾದರಿಂಗ್ ದಿನ ಯಾವುದೇ ಊರಿನ ಶಾಲೆಯ ಮೈದಾನದ ಅಂಚಿಗೆ ನಿಂತು ನೋಡಿ. ಕುಣಿಯುವವರ ಚಪ್ಪಲಿ, ಸ್ವೆಟರ್, ನೀರಿನ ಬಾಟಲಿ ಕಾಯುತ್ತ ಒಂದು ಮಗು ಕುಳಿತಿರುತ್ತದೆ. ಅದಕ್ಕೆ ಆ ಕೆಲಸ ಕೊಟ್ಟವರು ಯಾರೂ ಕೆಟ್ಟವರಲ್ಲ. ಇಂಥ ಒಬ್ಬ ಹುಡುಗಿಯ ತಾಯಿ ನನಗೆ ಹೇಳಿದ್ದು ಇಷ್ಟೇ: “ಆಕಿ ಕುಂತ ನೋಡ್ಲಿ ಬಿಡ್ರಿ ಗುರುಗಳ. ಬಿದ್ದಗಿದ್ದಾಳು.” ಆ ಮಾತಿನಲ್ಲಿ ಪ್ರೀತಿಯೇ ಇತ್ತು. ಹುಡುಗಿ ಮಾತ್ರ ಕುಳಿತಲ್ಲೇ ತೊಡೆಯ ಮೇಲೆ ಕೈಯಿಂದ ತಾಳ ಹಾಕುತ್ತಿದ್ದಳು. ತಾಳ ಒಂದೂ ತಪ್ಪಿರಲಿಲ್ಲ.

ವಿಜ್ಞಾನದ ಮಾಸ್ತರನ ಚಟವೆಂದರೆ ಯಾವುದನ್ನಾದರೂ ಬಿಚ್ಚಿ ನೋಡುವುದು. ಲೇಜಿಮ್ಮನ್ನು ಹಾಗೆ ಬಿಚ್ಚಿ ನೋಡೋಣ. ಅದರಲ್ಲಿ ತಾಳ ಇದೆ, ತೋಳಿನ ಚಲನೆ ಇದೆ, ಕಾಲಿನ ಹೆಜ್ಜೆ ಇದೆ. ಸದ್ದು ಹುಟ್ಟುವುದು ತೋಳಿನಿಂದ. ಕಾಲು ಮಾಡುವ ಕೆಲಸ ಮುಖ್ಯವಾಗಿ ದೇಹದ ಭಾರ ಹೊರುವುದು, ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ಭಾರವನ್ನು ಕುರ್ಚಿ ಹೊತ್ತರೆ ತಾಳ, ತೋಳು ಎರಡೂ ಹಾಗೇ ಉಳಿಯುತ್ತವೆ. ಮೂರರಲ್ಲಿ ಎರಡು ಪಾಲು ಕುಣಿತ ಕುಳಿತವರ ಕೈಯಲ್ಲೇ ಇದೆ ಎಂದಾಯಿತು.

ಎಂಟು ಎಣಿಕೆಯ ಒಂದು ಸುತ್ತು ತೆಗೆದುಕೊಳ್ಳಿ. ನಿಂತವರು ಬಗ್ಗಿ ಪಾದದ ಬಳಿ ಲೇಜಿಮ್ ಬಾರಿಸುವಾಗ ಕುಳಿತವರು ಮೊಣಕಾಲಿನ ಬಳಿ ಬಾರಿಸಲಿ. ನಿಂತವರು ಒಂದು ಹೆಜ್ಜೆ ಬಲಕ್ಕಿಟ್ಟಾಗ ಕುಳಿತವರು ಎದೆಯಿಂದ ಮೇಲಿನ ಭಾಗವನ್ನು ಬಲಕ್ಕೆ ತಿರುಗಿಸಲಿ. ಕಬ್ಬಿಣದ ಲೇಜಿಮ್ ಭಾರವಾದರೆ ತೆಳು ಬಿದಿರು, ಸಣ್ಣ ಸರಪಳಿ ಸಾಕು. ಒಂದೇ ಕೈಗೆ ಬಲವಿದ್ದರೆ ಒಂದು ತುದಿಯನ್ನು ಕುರ್ಚಿಯ ಕೈಗೆ ಬಟ್ಟೆಯಿಂದ ಕಟ್ಟಬಹುದು. ಹಿಡಿತವೇ ಇಲ್ಲದ ಮಣಿಕಟ್ಟಿಗೆ ಗೆಜ್ಜೆ ಕಟ್ಟಿದರೂ ಆಯಿತು. ಎಂಟನೆಯ ಎಣಿಕೆಗೆ ಎಲ್ಲರ ಸದ್ದೂ ಒಟ್ಟಿಗೆ ಬೀಳಬೇಕು. ಅದೊಂದನ್ನು ಬಿಡಬಾರದು.

ಬನಹಟ್ಟಿ: ಯಾರು ಚಲಿಸಿದರೇನು?

ಜಮಖಂಡಿಯಿಂದ ರಬಕವಿ-ಬನಹಟ್ಟಿಗೆ ಬಂದರೆ ಮಗ್ಗದ ಸದ್ದು ಎದುರುಗೊಳ್ಳುತ್ತದೆ. 2018ರಲ್ಲಿ ತಾಲ್ಲೂಕು ಕೇಂದ್ರವಾದ ಈ ಅವಳಿ ಊರುಗಳು ಸೀರೆಗೆ ಹೆಸರಾದವು. ಈಗ ಹೆಚ್ಚಿನವು ವಿದ್ಯುತ್ ಮಗ್ಗಗಳು. ಕೈಮಗ್ಗ ನೋಡಿದವರಿಗೆ ಗೊತ್ತು, ನೇಕಾರ ಕುಳಿತೇ ಕೆಲಸ ಮಾಡುತ್ತಾನೆ. ಆದರೂ ಅವನ ಮೈಯಲ್ಲಿ ತಾಳ ಇರುತ್ತದೆ. ಲಾಳಿ ಆ ಕಡೆ ಹೋಯಿತು, ಈ ಕಡೆ ಬಂತು. ನೇಕಾರ ಎದ್ದು ಓಡಲಿಲ್ಲ, ಓಡಿದ್ದು ಲಾಳಿ. ಬಟ್ಟೆ ಮಾತ್ರ ಆಯಿತು.

ಈ ಲಾಳಿಯಿಂದಲೇ ನನಗೆ ಕೋಲಾಟದ ಉತ್ತರ ಹೊಳೆಯಿತು. ಕೋಲಾಟದಲ್ಲಿ ಎರಡು ಸುತ್ತು ಇರುತ್ತವೆ, ಒಳಗಿನದು, ಹೊರಗಿನದು. ಎದುರಿನವರ ಕೋಲಿಗೆ ಕೋಲು ಕೊಟ್ಟು, ಮುಂದೆ ಸರಿದು, ಹೊಸಬರ ಕೋಲಿಗೆ ಕೋಲು ಕೊಡುವುದು ಆಟ. ನಡೆಯಲಾಗದವರು ಸರಿಯುವುದು ಹೇಗೆ ಎಂಬುದು ತೊಡಕು. ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾವು ಕಲಿಸುವ ಪಾಠ ನೆನಪಿಸಿಕೊಳ್ಳಿ: ಚಲನೆ ಸಾಪೇಕ್ಷ. ಬಸ್ಸು ಮುಂದೆ ಹೋದರೂ ಒಂದೇ, ಕಿಟಕಿಯಾಚೆಯ ಮರ ಹಿಂದೆ ಹೋದಂತೆ ಕಂಡರೂ ಒಂದೇ. ಒಳಸುತ್ತಿನವರು ಕುಳಿತಲ್ಲೇ ಇದ್ದು ಹೊರಸುತ್ತಿನವರು ಒಂದೊಂದೇ ಸ್ಥಾನ ಸರಿದರೆ ಭೇಟಿಯಲ್ಲಿ ಕಿಂಚಿತ್ತೂ ವ್ಯತ್ಯಾಸವಾಗದು. ಒಳಗೆ 8, ಹೊರಗೆ 8 ಜನ ಇದ್ದರೆ 8 ಸುತ್ತಿನಲ್ಲಿ ಒಳಗಿನ ಪ್ರತಿಯೊಬ್ಬರ ಕೋಲೂ ಹೊರಗಿನ ಪ್ರತಿಯೊಬ್ಬರ ಕೋಲಿಗೆ ತಾಗಿರುತ್ತದೆ.

ಲೆಕ್ಕವನ್ನೂ ಹಾಕಿಬಿಡೋಣ. ಗಾಲಿಕುರ್ಚಿ ಪೂರ್ತಿ ತಿರುಗಲು 5 ಅಡಿ ವ್ಯಾಸದ ಜಾಗ ಬೇಕು. ಎಂಟು ಕುರ್ಚಿಗೆ 40 ಅಡಿ ಪರಿಧಿ. 3.14ರಿಂದ ಭಾಗಿಸಿದರೆ ಒಳಸುತ್ತಿನ ವ್ಯಾಸ 13 ಅಡಿಗೆ ಹತ್ತಿರ. ಹೊರಸುತ್ತು ಎಲ್ಲ ಕಡೆ 3 ಅಡಿ ಆಚೆ ಇದ್ದರೆ ಅದರ ವ್ಯಾಸ 19 ಅಡಿ. ಹೊರಗಿನವರು ಒಂದು ಸ್ಥಾನ ಸರಿಯಲು 7 ಅಡಿಯ ಮೇಲೆ ಸ್ವಲ್ಪ, ಅಂದರೆ ನಾಲ್ಕು ಎಣಿಕೆಯಲ್ಲಿ ನಾಲ್ಕು ಹೆಜ್ಜೆ. ಯಾವ ಶಾಲೆಯ ಅಂಗಳದಲ್ಲಿ ಇಷ್ಟು ಜಾಗವಿಲ್ಲ?

ಹಾಗೆಂದು ಕುರ್ಚಿಯವರನ್ನು ಸದಾ ನಿಲ್ಲಿಸಿಯೇ ಇಡುವುದೂ ನ್ಯಾಯವಲ್ಲ. ಮುಂದಿನ ಹಾಡಿಗೆ ಹೊರಸುತ್ತು ನಿಲ್ಲಲಿ, ಒಳಸುತ್ತು ಸರಿಯಲಿ. ಕುರ್ಚಿಯ ಗಾಲಿ ಪಕ್ಕಕ್ಕೆ ಉರುಳುವುದಿಲ್ಲ. ಆದ್ದರಿಂದ ಕುರ್ಚಿಯ ಮುಖ ಸುತ್ತಿನ ದಾರಿಗೆ ಇರಬೇಕು, ಜೊತೆಗಾರ ಪಕ್ಕದಲ್ಲಿ ನಿಲ್ಲಬೇಕು. ಸಾಮಾನ್ಯ ಗಾಲಿಕುರ್ಚಿಯ ಹಿಂದಿನ ಚಕ್ರದ ವ್ಯಾಸ 24 ಇಂಚು. ಅದು ಒಮ್ಮೆ ಸುತ್ತಿದರೆ ಕುರ್ಚಿ 6 ಅಡಿಗೂ ಹೆಚ್ಚು ಸಾಗುತ್ತದೆ. 5 ಅಡಿ ಸರಿಯಲು ಒಂದು ಸುತ್ತೂ ಬೇಡ. ಕೈಗಳು ಚಕ್ರ ತಿರುಗಿಸುವಾಗ ಕೋಲು ಎಲ್ಲಿಡಬೇಕು? ಕುರ್ಚಿಯ ಪಕ್ಕಕ್ಕೆ ಒಂದು ಚೀಲ ಕಟ್ಟಿ. ಎಂಟು ಎಣಿಕೆ ಕೋಲಿಗೆ, ಎಂಟು ಎಣಿಕೆ ಚಕ್ರಕ್ಕೆ. ಆಗ ಕೋಲು ಇಲ್ಲದ ಎಂಟು ಎಣಿಕೆಯಲ್ಲಿ ನಿಂತವರು ಚಪ್ಪಾಳೆ ತಟ್ಟಲಿ.

ಇನ್ನೊಂದು ಸೂಕ್ಷ್ಮ ಇದೆ. ಕೋಲಿಗೆ ಕೋಲು ಬಡಿದಾಗ ಎರಡೂ ಕಡೆ ಸಮನಾದ ತಳ್ಳು ಬೀಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ನಿಂತವರು ಅದನ್ನು ಪಾದದಿಂದ ನೆಲಕ್ಕೆ ದಾಟಿಸುತ್ತಾರೆ. ಬ್ರೇಕ್ ಹಾಕದ ಕುರ್ಚಿ ಹಿಂದಕ್ಕೆ ಉರುಳಬಹುದು. ಆದ್ದರಿಂದ ಬಡಿಯುವಾಗ ಬ್ರೇಕ್, ಸರಿಯುವಾಗ ಬ್ರೇಕ್ ತೆಗೆದಿರಬೇಕು. ಭೇಟಿಯ ಎತ್ತರವನ್ನು ನಿಂತವರೇ ತಗ್ಗಿಸಬೇಕು. ಕುಳಿತವರ ಎದೆಯ ಮಟ್ಟಕ್ಕೆ ಕೋಲು ಇಳಿದು ಬರಬೇಕು. ಕುಳಿತವರು ಮೇಲೆ ಚಾಚಿದರೆ ಭುಜ ಬೇಗ ಸೋಲುತ್ತದೆ. ದಿನವಿಡೀ ಚಕ್ರ ತಿರುಗಿಸುವುದೂ ಅದೇ ಭುಜ ಎಂಬುದನ್ನು ಮರೆಯಬಾರದು.

ನಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳೊಂದಿಗೆ ಇದನ್ನು ಮಾಡಿ ನೋಡಿದೆವು. ಒಳಸುತ್ತಿನಲ್ಲಿ ಬರೀ ನಡೆಯಲಾಗದ ಮಕ್ಕಳನ್ನು ಕೂರಿಸಲಿಲ್ಲ. ನಡೆಯಬಲ್ಲ ಮಕ್ಕಳೂ ತರಗತಿಯ ಕುರ್ಚಿ ತಂದು ಕುಳಿತರು. ನೋಡುವವರಿಗೆ ಯಾರು ಕುಳಿತಿದ್ದು ಅನಿವಾರ್ಯಕ್ಕೆ, ಯಾರು ಆಟಕ್ಕೆ ಎಂಬುದು ಮೊದಲಿಗೆ ತಿಳಿಯಲೇ ಇಲ್ಲ. ಎರಡನೆಯ ದಿನ ಒಬ್ಬ ಗಟ್ಟಿಮುಟ್ಟಾದ ಹುಡುಗ ಬಂದು, “ಸರ್, ನಾನೂ ಇವತ್ತ ಒಳಗ ಕುಂಡರ್ಲೇನ್ರಿ?” ಎಂದು ಕೇಳಿದ. ಒಳಸುತ್ತು ಶಿಕ್ಷೆಯಲ್ಲ, ಒಂದು ಸ್ಥಾನ ಎಂದು ಮಕ್ಕಳು ಒಪ್ಪಿಕೊಂಡದ್ದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಮುಧೋಳ: ವೇದಿಕೆಯೂ ಅಂಗಳವೂ

ಮುಧೋಳ ರನ್ನನ ಊರು. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿ ತನ್ನ ಗದಾಯುದ್ಧದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನ ಹಿರಿಮೆಯನ್ನೂ ಕಾಣಿಸಿದ. ಇದೇ ಊರು ಓಟಕ್ಕೆ ಹೆಸರಾದ ಮುಧೋಳ ನಾಯಿಯದೂ ಹೌದು. 2005ರಲ್ಲಿ ಅಂಚೆ ಇಲಾಖೆ ಆ ನಾಯಿಯ ಚಿತ್ರದ ಅಂಚೆಚೀಟಿ ಹೊರಡಿಸಿತು. ವೇಗದ ಕಾಲನ್ನು ಮೆಚ್ಚುವುದೂ ಮುರಿದ ತೊಡೆಯ ಧೀರನನ್ನು ಗೌರವಿಸುವುದೂ ಒಂದೇ ಊರಿಗೆ ಸಾಧ್ಯ ಎಂಬುದನ್ನು ಮಕ್ಕಳಿಗೆ ಹೇಳಬೇಕು.

ನೃತ್ಯ ಮತ್ತು ಅಂಗವೈಕಲ್ಯದ ಮಾತು ಬಂದರೆ ಪಾಲಕರು ಕೂಡಲೇ ನೆನೆಯುವುದು ಸುಧಾ ಚಂದ್ರನ್ ಅವರನ್ನು. 1981ರ ಅಪಘಾತದ ನಂತರ ಒಂದು ಕಾಲು ಕಳೆದುಕೊಂಡ ಆಕೆ ಜೈಪುರ ಕಾಲು ತೊಟ್ಟು 1984ರಲ್ಲಿ ಭರತನಾಟ್ಯದ ವೇದಿಕೆಗೆ ಮರಳಿದರು. 1985ರ ತೆಲುಗು ಚಿತ್ರ ‘ಮಯೂರಿ’ ಆಕೆಯದೇ ಕಥೆ. ಜೈಪುರ ಕಾಲು 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ ಕೂಡಿ ರೂಪಿಸಿದ್ದು. ಬರಿಗಾಲಲ್ಲಿ ನಡೆಯುವ, ಕುಕ್ಕರಗಾಲಲ್ಲಿ ಕೂರುವ, ಹೊಲದ ಏರುತಗ್ಗಿನಲ್ಲಿ ಓಡಾಡುವ ನಮ್ಮ ಜನಕ್ಕೆ ಹೊಂದುವಂತೆ ಮಾಡಿದ್ದು. ನೆಲ ಡೊಂಕು ಎಂಬ ಮಾತನ್ನು ನೆಪವೆಂದು ತಳ್ಳದೆ ಲೆಕ್ಕಕ್ಕೆ ತೆಗೆದುಕೊಂಡ ವಿಜ್ಞಾನ ಅದು.

ಕರ್ನಾಟಕದವರೇ ಆದ ಗುರು ಸೈಯದ್ ಸಲಾವುದ್ದೀನ್ ಪಾಷಾ ಅವರು ಗಾಲಿಕುರ್ಚಿಯ ಮೇಲೆ ಭರತನಾಟ್ಯ ಕಲಿಸಿ, ರಾಮಾಯಣವನ್ನು ಚಕ್ರಗಳ ಮೇಲೆ ತಂದು ತೋರಿಸಿದರು. ಸ್ವೀಡನ್ನಿನಲ್ಲಿ 1968ರಲ್ಲಿ ಎಲ್ಸ್-ಬ್ರಿಟ್ ಲಾರ್ಸನ್ ಎಂಬ ಗಾಲಿಕುರ್ಚಿಯ ಮಹಿಳೆ ಮನರಂಜನೆಗೆಂದು ಆರಂಭಿಸಿದ ಕುಣಿತ ಇಂದು ಜಗತ್ತಿನ ಸ್ಪರ್ಧಾ ಕ್ರೀಡೆಯಾಗಿ ಬೆಳೆದಿದೆ.

ಇವರೆಲ್ಲ ದೊಡ್ಡವರು. ಆದರೆ ನನ್ನ ವಿನಂತಿ ಇದಕ್ಕಿಂತ ಸಣ್ಣದು. ವೇದಿಕೆಯ ನೃತ್ಯ ಬೇರೆ, ಅಂಗಳದ ಕುಣಿತ ಬೇರೆ. ವೇದಿಕೆಯಲ್ಲಿ ಒಬ್ಬರು ಕುಣಿಯುತ್ತಾರೆ, ನೂರು ಜನ ನೋಡುತ್ತಾರೆ. ಅಂಗಳದಲ್ಲಿ ಎಲ್ಲರೂ ಕುಣಿಯುತ್ತಾರೆ, ನೋಡುವವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಡೆಯಲಾಗದ ಪ್ರತಿ ಮಗುವೂ ಸುಧಾ ಚಂದ್ರನ್ ಆಗಬೇಕಿಲ್ಲ. ನಡೆಯುವ ಮಕ್ಕಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಸಾಧಾರಣವಾಗಿಯೇ ಕುಣಿಯುತ್ತಾರಲ್ಲ? ಸಾಧಾರಣವಾಗಿ ಕುಣಿಯುವ ಹಕ್ಕು ಎಲ್ಲರಿಗೂ ಇರಲಿ. ಕೆಲವು ಗ್ಯಾದರಿಂಗ್‌ಗಳಲ್ಲಿ ಅಂಥ ಮಗುವಿಗೆಂದೇ ಪ್ರತ್ಯೇಕ ಕಾರ್ಯಕ್ರಮ ಇಟ್ಟು, ಜನರ ಕಣ್ಣಲ್ಲಿ ನೀರು ತರಿಸಿ, ಮುಂದಿನ ಕೋಲಾಟಕ್ಕೆ ಮತ್ತೆ ಚಪ್ಪಲಿ ಕಾಯಲು ಕಳಿಸುತ್ತಾರೆ. ಚಪ್ಪಾಳೆ ಮಗುವಿಗೆ ಸಿಗುತ್ತದೆ, ಗೆಳತಿ ಸಿಗುವುದಿಲ್ಲ.

ಎಲ್ಲ ಕುಣಿತವನ್ನೂ ಒಗ್ಗಿಸಬಹುದೆಂದು ನಾನು ಹೇಳಲಾರೆ. ಫುಗಡಿಯಲ್ಲಿ ಇಬ್ಬರು ಕೈ ಹೆಣೆದು ಹಿಂದೆ ಬಾಗಿ ವೇಗವಾಗಿ ತಿರುಗುತ್ತಾರೆ. ವೇಗ ಎರಡು ಪಟ್ಟಾದರೆ ಕೈಗಳ ಮೇಲಿನ ಎಳೆತ ನಾಲ್ಕು ಪಟ್ಟಾಗುತ್ತದೆ. ಕಾಲೂರಿ ತಡೆಯಲಾಗದ ಮಗುವಿಗೆ ಇದು ಅಪಾಯ. ಅದರ ಬದಲು ಸೀರೆಯ ಎರಡು ತುದಿಯನ್ನು ಇಬ್ಬರು ಹಿಡಿದು, ಕುಳಿತವಳನ್ನು ಕೇಂದ್ರವಾಗಿಟ್ಟು, ನಿಂತವಳು ನಿಧಾನವಾಗಿ ಸುತ್ತು ಬರಲಿ. ಅದು ಫುಗಡಿಯಲ್ಲ, ಬೇರೆ ಆಟ. ಆದರೂ ಹಾಡು ಅದೇ ಇರುತ್ತದೆ. ಸ್ನಾಯು ಕ್ಷಯದಂಥ ಕಾಯಿಲೆ ಇರುವ ಮಕ್ಕಳು, ಹಿಂದೆ ಪೋಲಿಯೊ ಆಗಿದ್ದ ದೊಡ್ಡವರು ದಣಿಯುವವರೆಗೆ ಆಡಬಾರದು. ದುರ್ಬಲ ಸ್ನಾಯುವನ್ನು ದಣಿಸಿದರೆ ಬಲ ಬರುವುದಿಲ್ಲ, ಇದ್ದ ಬಲವೂ ಕುಂದಬಹುದು. ಮೊದಲು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ. ಕುಣಿಯುತ್ತಲೇ ಮಾತಾಡಲು ಉಸಿರು ಇದ್ದರೆ ವೇಗ ಸರಿ ಇದೆ ಎಂದರ್ಥ. ಮತ್ತೊಂದು ಮಾತು: ಕೇಳದೆ ಯಾರ ಕುರ್ಚಿಯನ್ನೂ ತಳ್ಳಬಾರದು. ಅದು ಅವರ ಕಾಲು.

ಬೀಳಗಿ: ನೆಲವನ್ನು ನೇರ ಮಾಡುವುದು

ಮುಧೋಳದ ಪಕ್ಕ ಹರಿಯುವ ಘಟಪ್ರಭೆ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಈ ತಾಲ್ಲೂಕಿನ ಅನೇಕ ಹಳ್ಳಿಗಳು ಜಾಗ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವು. ಹಳೆಯ ಊರಿನ ಗುಡಿಯಂಗಳ ಬಿಟ್ಟು ಬಂದ ಹಿರಿಯರಿಗೆ ಹೊಸ ಅಂಗಳ ಕಟ್ಟಿಕೊಳ್ಳುವುದು ಎಂದರೇನೆಂದು ಗೊತ್ತು. ಹೊಸದಾಗಿ ಕಟ್ಟುವಾಗಲೇ ಒಂದು ಇಳಿಜಾರು ಸೇರಿಸಿದರೆ ಖರ್ಚು ಅಲ್ಪ. ಕಟ್ಟಿದ ಮೇಲೆ ಒಡೆದು ಸೇರಿಸಿದರೆ ಖರ್ಚು ಬಹಳ.

ಇಳಿಜಾರಿಗೂ ಒಂದು ಲೆಕ್ಕವಿದೆ. 1 ಅಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ಗ್ಯಾದರಿಂಗ್ ವೇದಿಕೆ 3 ಅಡಿ ಎತ್ತರವಿದ್ದರೆ 36 ಅಡಿ ಇಳಿಜಾರು ಕಟ್ಟಬೇಕು. ಅಷ್ಟು ಕಟ್ಟಲಾಗದ ಶಾಲೆಗೆ ಸುಲಭದ ದಾರಿ ಒಂದಿದೆ. ಕುಣಿತವನ್ನೇ ವೇದಿಕೆಯಿಂದ ಕೆಳಗಿಳಿಸಿ. ಕೋಲಾಟ, ಲೇಜಿಮ್ ಹುಟ್ಟಿದ್ದು ನೆಲದ ಮೇಲೆ. ಸುತ್ತ ಜನ ಕೂತು ನೋಡಲಿ. ಹಿಂದಿನ ದಿನ ಅಂಗಳಕ್ಕೆ ನೀರು ಚಿಮುಕಿಸಿ, ಕಲ್ಲು ಆರಿಸಿ, ಮಣ್ಣು ಗಟ್ಟಿ ಮಾಡಿ. ಸಡಿಲ ಮಣ್ಣಿನಲ್ಲಿ ಚಕ್ರವೂ ಹೂಳುತ್ತದೆ, ಊರುಗೋಲೂ ಹೂಳುತ್ತದೆ. ನಮ್ಮ ಜಮಖಂಡಿ ಸೀಮೆಯ ರೈತರು 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಮ್ಮ ಹಣ, ತಮ್ಮ ದುಡಿಮೆ ಹಾಕಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದವರು. ನದಿಗೆ ಅಡ್ಡಗಟ್ಟಿದವರ ಮಕ್ಕಳಿಗೆ ಶಾಲೆಯ ಅಂಗಳ ಸಮ ಮಾಡುವುದು ಕಷ್ಟವೆ?

ಕುಳಿತು ಕಲೆ ನಡೆಸುವುದು ಈ ಸೀಮೆಗೆ ಹೊಸದೂ ಅಲ್ಲ. ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಿಟ್ಟು ಹೇಳುವ ಹೆಳವರು ನಮ್ಮ ಉತ್ತರ ಕರ್ನಾಟಕದಲ್ಲಿ ಇದ್ದಾರೆ. ‘ಹೆಳವ’ ಎಂದರೆ ಕಾಲಿಲ್ಲದವ. ಸಂಪ್ರದಾಯದಂತೆ ಹೆಳವ ಎತ್ತಿನ ಮೇಲೆ ಕುಳಿತೇ ಮನೆಯ ಬಾಗಿಲಿಗೆ ಬಂದು ಹಿರಿಯರ ಹೆಸರು ಹೇಳುತ್ತಿದ್ದ. ಮನೆಯವರು ಅವನನ್ನು ಕಾದು, ಧಾನ್ಯ ಕೊಟ್ಟು ಕಳಿಸುತ್ತಿದ್ದರು. ಅವನ ಕಾಲು ಹೇಗಿದೆ ಎಂಬುದಕ್ಕಿಂತ ಅವನ ನೆನಪಿನಲ್ಲಿ ಏನಿದೆ ಎಂಬುದು ಮುಖ್ಯವಾಗಿತ್ತು.

ಹಿರಿಯರ ಮಾತೂ ಬರಬೇಕು. ಗೌರಿ ಹುಣ್ಣಿಮೆಯ ಹಾಡು, ಅದಕ್ಕೆ ತಕ್ಕ ತಾಳ ಬಲ್ಲವರು ಅಜ್ಜಿಯರು. ಅವರಲ್ಲಿ ಅನೇಕರಿಗೆ ಮೊಣಕಾಲು ಸವೆದಿದೆ. ಅವರು ಹೊರಗೆ ಕುಳಿತರೆ ಹಾಡೂ ಹೊರಗೇ ಉಳಿಯುತ್ತದೆ. ಒಳಸುತ್ತಿನ ಕುರ್ಚಿ ಅವರಿಗೂ ಸಲ್ಲುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ವರ್ಷ ದಾಟಿದ 469 ಮಂದಿಯನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದೇಹದ ಚಟುವಟಿಕೆಗಳ ಪೈಕಿ ಮರೆಗುಳಿತನದ ಅಪಾಯ ಕಡಿಮೆ ಇರುವುದರೊಂದಿಗೆ ನಂಟು ಕಂಡದ್ದು ಕುಣಿತಕ್ಕೆ ಮಾತ್ರ. ನಂಟು ಕಂಡಿತೆಂದರೆ ಕುಣಿತವೇ ಔಷಧ ಎಂದು ಸಾಬೀತಾಯಿತು ಎಂದಲ್ಲ. ಆದರೆ ಕುಣಿಯುವವರು ಹಾಡು ನೆನಪಿಡಬೇಕು, ತಾಳ ಎಣಿಸಬೇಕು, ಎದುರಿನವರ ಮುಖ ನೋಡಬೇಕು. ಮೈಯಷ್ಟೇ ಅಲ್ಲ, ಮನಸ್ಸೂ ದುಡಿಯುತ್ತದೆ.

ಪಾಲಕರಿಗೂ ಮಕ್ಕಳಿಗೂ

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. 2014ರಲ್ಲಿ ಭಾರತವನ್ನು ಪೋಲಿಯೊಮುಕ್ತವೆಂದು ಸಾರಲಾಯಿತು. ಅದು ದೊಡ್ಡ ಗೆಲುವು. ಆದರೆ ಹುಟ್ಟಿನಿಂದ ಬಂದ ತೊಂದರೆ, ರಸ್ತೆ ಅಪಘಾತ, ಮುಪ್ಪು ಇವು ಇದ್ದೇ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸಾಂಸ್ಕೃತಿಕ ಬದುಕಿನಲ್ಲಿ, ಮನರಂಜನೆಯಲ್ಲಿ ಇತರರೊಂದಿಗೆ ಸಮನಾಗಿ ಪಾಲ್ಗೊಳ್ಳುವುದು ಅವರ ಹಕ್ಕು ಎಂದೂ ಹೇಳಿದೆ. ಅಂದರೆ ಮಗುವನ್ನು ಕೋಲಾಟಕ್ಕೆ ಸೇರಿಸಿಕೊಳ್ಳುವುದು ಮಾಸ್ತರರ ದಯೆಯಲ್ಲ. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಗಾಲಿಕುರ್ಚಿ, ಕ್ಯಾಲಿಪರ್ ಬೇಕಾದ ಪಾಲಕರು ಅವರನ್ನು ಕಂಡು ವಿಚಾರಿಸಬೇಕು.

ನಾಲ್ಕೂ ಊರು ಸುತ್ತಿ ಬಂದ ಮೇಲೆ ನನಗೆ ಸಿಕ್ಕ ಸೂತ್ರ ಸಣ್ಣದು. ತಾಳ ಬದಲಿಸಬೇಡಿ, ಸುತ್ತು ಒಡೆಯಬೇಡಿ, ಭೇಟಿ ತಪ್ಪಿಸಬೇಡಿ. ಬದಲಿಸಬೇಕಾದದ್ದು ಭಾರ ಹೊರುವ ಬಗೆ ಒಂದನ್ನೇ. ಕಾಲು ಹೊರದಿದ್ದರೆ ಕುರ್ಚಿ ಹೊರಲಿ, ಊರುಗೋಲು ಹೊರಲಿ, ಗೋಡೆ ಹೊರಲಿ.

ವಿದ್ಯಾರ್ಥಿಗಳೇ, ಮುಂದಿನ ಗ್ಯಾದರಿಂಗಿಗೆ ಅಭ್ಯಾಸ ಆರಂಭವಾಗುವ ದಿನ ನಿಮ್ಮ ತರಗತಿಯಲ್ಲಿ ಚಪ್ಪಲಿ ಕಾಯುವವರು ಯಾರೆಂದು ನೋಡಿ. ಅವರ ಬಳಿ ಹೋಗಿ, “ನೀನು ಯಾವ ಸುತ್ತಿನಾಗ ಇರ್ತಿ, ಒಳಗಿಂದೋ ಹೊರಗಿಂದೋ?” ಎಂದು ಕೇಳಿ. ಬರುತ್ತೀಯಾ ಎಂದು ಕೇಳಬೇಡಿ, ಬರುವುದು ಆಗಲೇ ಗೊತ್ತಾಗಿದೆ ಎಂಬಂತೆ ಕೇಳಿ. ಪಾಲಕರೇ, ಮಗು ಬಿದ್ದೀತೆಂಬ ನಿಮ್ಮ ಹೆದರಿಕೆ ಸಹಜ. ಅಭ್ಯಾಸದ ಮೊದಲ ದಿನ ನೀವೂ ಬನ್ನಿ, ಒಂದು ಜೊತೆ ಕೋಲು ಹಿಡಿದು ಹೊರಸುತ್ತಿನಲ್ಲಿ ನಿಲ್ಲಿ. ಒಂದೆರಡು ಸುತ್ತು ಸರಿಯುವಷ್ಟರಲ್ಲಿ ನಿಮ್ಮ ಮಗುವಿನ ಕೋಲು ನಿಮ್ಮ ಕೋಲಿಗೆ ತಾಗುತ್ತದೆ. ಆಮೇಲೆ ಅದು ಮುಂದಿನವರ ಪಾಲಿಗೆ ಹೋಗುತ್ತದೆ. ಹೋಗಲು ಬಿಡಿ.